ಗುಮ್ಮಟದಲ್ಲಿ ಸಿಕ್ಕ ಹೆಡ್‌ಮಾಸ್ತರರು

ಹೋದ ವಾರ ಕಿವಿಯ ಡಾಕ್ಟರರ ಹತ್ತಿರ ಹೋಗಿದ್ದೆ. ಅವರು ನನ್ನ ಬೆನ್ನ ಹಿಂದೆ ನಿಂತು ಒಂದೊಂದೇ ಶಬ್ದ ಪಿಸುಗುಟ್ಟುವುದು, ನಾನು ಅದನ್ನು ತಿರುಗಿ ಹೇಳುವುದು, ಪರೀಕ್ಷೆ ಇಷ್ಟೇ. ಅವರು ಮೆಲ್ಲಗೆ ಏನೋ ಅಂದರು. ನಾನು "ಇಲ್ಲರಿ, ಇನ್ನೂ ಊಟ ಆಗಿಲ್ಲ" ಎಂದೆ. ಪಕ್ಕದಲ್ಲಿ ಕುಳಿತಿದ್ದ ನನ್ನ ಹೆಂಡತಿ ಬಾಯಿಗೆ ಸೆರಗು ಹಿಡಿದಳು. ಡಾಕ್ಟರು ಹೇಳಿದ್ದು "ಬಾಳೆಹಣ್ಣು" ಎಂದಂತೆ.

"ಮೊದಲಿನಿಂದಲೂ ಹೀಗೇನಾ?" ಎಂದು ಕೇಳಿದರು. ಹಾಗೇನಿಲ್ಲ, ಒಂದು ಕಾಲಕ್ಕೆ ಗೋಳಗುಮ್ಮಟದ ಆಚೆ ಬದಿಯಿಂದ ಬಂದ ಪಿಸುಮಾತನ್ನು ಕೇಳಿ ಬೆವರಿದ್ದೇನೆ ಎಂದೆ. ಅವರು ಚೀಟಿಯ ಮೇಲೆ ಏನೋ ಬರೆದುಕೊಂಡರು. ಮುಂದಿನದನ್ನು ಕೇಳಲು ಅವರಿಗೆ ಪುರುಸೊತ್ತಿರಲಿಲ್ಲ. ನಿಮಗಿದ್ದರೆ ಹೇಳುತ್ತೇನೆ.

ಅರವತ್ತರ ದಶಕದ ಆರಂಭ. ನಾನು ಬಬಲೇಶ್ವರದ ಒಂದು ಸಾಲೆಯಲ್ಲಿ ಹೊಸದಾಗಿ ಮಾಸ್ತರನಾಗಿದ್ದೆ. ನನ್ನ ಜೊತೆ ಒಂದೇ ಕೋಣೆಯಲ್ಲಿ ಇನ್ನಿಬ್ಬರಿದ್ದರು. ಗಣಿತ ಕಲಿಸುವ ಕನಮಡಿಯ ಶಿವಲಿಂಗ, ಕವಾಯತು ಮಾಡಿಸುವ ತಿಕೋಟಾದ ರಾಜೇಸಾಬ. ಮೂವರದ್ದೂ ಹಂಗಾಮಿ ನೌಕರಿ. ಕಾಯಂ ಆಗಬೇಕಾದರೆ ಬೇಸಿಗೆಯ ಹೊತ್ತಿಗೆ ಹೆಡ್‌ಮಾಸ್ತರರು ನಮ್ಮ ನಡತೆಯ ಬಗ್ಗೆ ನಾಲ್ಕು ಒಳ್ಳೆಯ ಮಾತು ಬರೆದು ಕಳಿಸಬೇಕು. ಅವರೋ, ಒಳ್ಳೆಯ ಮಾತಿರಲಿ, ಮಾತನ್ನೇ ಆಡುವವರಲ್ಲ. ಕರಿ ಕೋಟು, ಕರಿ ಟೊಪಿಗೆ, ಎಲ್ಲದಕ್ಕೂ ಒಂದೇ "ಹೂಂ". ಆ "ಹೂಂ" ಒಪ್ಪಿಗೆಯೋ ಬೈಗುಳವೋ ಎಂದು ನಾವು ಕೋಣೆಗೆ ಬಂದು ಅರ್ಧ ತಾಸು ಚರ್ಚೆ ಮಾಡುತ್ತಿದ್ದೆವು.

ಆ ವರ್ಷ ಸಂಕ್ರಾಂತಿಗೆ ಬಿಜಾಪುರಕ್ಕೆ ಹೋಗಿ ಎರಡು ದಿನ ಮಜಾ ಮಾಡಿ ಬರಬೇಕೆಂದು ಠರಾವಾಯಿತು. ಸಾಲೆಗೆ ಸೂಟಿ ಇದ್ದದ್ದು ಒಂದೇ ದಿನ. ಮರುದಿನಕ್ಕೆ ರಜೆ ಅರ್ಜಿ ಬರೆದೆವು. ಶಿವಲಿಂಗ ತನ್ನ ಅಜ್ಜಿಗೆ ಜಡ್ಡು ಜೋರಾಗಿದೆ ಎಂದು ಬರೆದ. ನಾನು ಎಡಗಡೆಯ ಹಲ್ಲು ಕೀಳಿಸುವುದಿದೆ ಎಂದು ಬರೆದೆ. ರಾಜೇಸಾಬನಿಗೆ ಸುಳ್ಳು ಹೇಳಲು ಬರುವುದಿಲ್ಲ. ಬಹಳ ಹೊತ್ತು ಲೇಖಣಿ ಕಚ್ಚಿ, ಕೊನೆಗೆ "ಸದರಿ ಮಾಸ್ತರರ ಹಲ್ಲಿನ ಜೊತೆ ಹೋಗುವುದರಿಂದ" ಎಂದು ಬರೆದ. ಹೆಡ್‌ಮಾಸ್ತರರು ಮೂರನ್ನೂ ಓದಿ, ಮೂರು ಸಲ "ಹೂಂ" ಎಂದು ಸಹಿ ಹಾಕಿದರು.

ಬಿಜಾಪುರದಲ್ಲಿ ರಾಜೇಸಾಬನ ಸೋದರಮಾವನ ಮನೆಯಲ್ಲಿ ಇಳಿದೆವು. ಊರೆಲ್ಲ ಹಬ್ಬ. ಸುತ್ತಲಿನ ಹಳ್ಳಿಗಳೆಲ್ಲ ಖಾಲಿಯಾಗಿ ಅಲ್ಲಿಗೇ ಬಂದಿವೆಯೋ ಎನ್ನುವಷ್ಟು ಜನ. ಹಾದಿಯಲ್ಲಿ ಸಿಕ್ಕ ಗುರುತು ಇಲ್ಲದವರೂ ಕೈಗೆ ಎಳ್ಳುಬೆಲ್ಲ ಹಾಕಿ ನಕ್ಕು ಹೋಗುವವರು. ಶಿವಲಿಂಗ ಮೆಣಸಿನಕಾಯಿ ಭಜಿಯ ಅಂಗಡಿಯ ಮುಂದೆ ನಿಂತವನು ನಾವು ರಟ್ಟೆ ಹಿಡಿದು ಎಳೆಯುವವರೆಗೂ ಅಲ್ಲಾಡಲಿಲ್ಲ. ಹೊಸ ಧೋತರ, ಕೈಯಲ್ಲಿ ಭಜಿ, ಕೇಳುವವರಿಲ್ಲ. ಅಜ್ಜಿ ಆ ಹೊತ್ತಿಗೆ ನಿಜಕ್ಕೂ ಸತ್ತಿದ್ದರೂ ಅವನಿಗೆ ನೆನಪಾಗುತ್ತಿರಲಿಲ್ಲ.

ಮರುದಿನ ಬೆಳಿಗ್ಗೆ ಮಾವನವರೇ ನಮ್ಮನ್ನು ಎಬ್ಬಿಸಿದರು. "ಗೋಳಗುಮ್ಮಟ ನೋಡೋದಿದ್ರ ಈಗs ಹೋಗ್ರಿ. ಬಿಸಲೇರಿದ ಮ್ಯಾಲ ಮಂದಿ ಬಂದು ಒದರಿ ಒದರಿ ಇಡ್ತಾರ. ನಿಮಗೇನೂ ಕೇಳಂಗಿಲ್ಲ" ಎಂದರು. ಹೋದೆವು. ಮೂಲೆಯ ಗೋಪುರದೊಳಗಿನ ಸಣ್ಣ ಮೆಟ್ಟಿಲುಗಳನ್ನು ಸುತ್ತಿ ಸುತ್ತಿ ಹತ್ತಿ, ಗುಮ್ಮಟದೊಳಗಿನ ದುಂಡು ಪಡಸಾಲೆಗೆ ಕಾಲಿಡುವಾಗ ಶಿವಲಿಂಗನ ಉಸಿರು ತಿದಿಯಂತೆ ಊದುತ್ತಿತ್ತು. ನಮಗಿಂತ ಮೊದಲೇ ಯಾರೋ ಬಂದಿದ್ದರು. ಎದುರು ಬದಿಯ ಮಬ್ಬಿನಲ್ಲಿ ಮನುಷ್ಯನ ಆಕಾರವೊಂದು ನಿಂತು ಹಾಡುತ್ತಿತ್ತು. ಕೆಳಗಿನ ಸ್ವರಗಳು ಹೇಗೋ ನಡೆದಿದ್ದವು. ಮೇಲಕ್ಕೆ ಏರಿದ ಕೂಡಲೇ ದನಿ ಸೀಳಿತು. ಗುಮ್ಮಟ ಆ ಸೀಳುದನಿಯನ್ನು ಎತ್ತಿಕೊಂಡು ಏಳು ಸಲ ಸೀಳಿ ತೋರಿಸಿತು.

ಶಿವಲಿಂಗ ಗೋಡೆಗೆ ಒರಗಿ, ನಮಗಷ್ಟೇ ಕೇಳುವಂತೆ ಮೆಲ್ಲಗೆ ಹೇಳಿದ: "ಯಾರಲೇ ಇಂವಾ? ಎಮ್ಮಿ ಈಯೂಮುಂದ ಒದರಿದಂಗ ಒದರಾಕತ್ತಾನ."

ಅಲ್ಲಿ ಗೋಡೆಗೆ ಬಾಯಿ ಹಚ್ಚಿ ಉಸುರಿದ್ದು ಎದುರು ಗೋಡೆಗೆ ನಿಂತವರ ಕಿವಿಗೆ ಹೋಗಿ ಮುಟ್ಟುತ್ತದೆ ಎಂದು ನಮಗೆ ಗೊತ್ತಿರಲಿಲ್ಲವೇ? ಚೆನ್ನಾಗಿ ಗೊತ್ತಿತ್ತು. ಅದನ್ನು ಪರೀಕ್ಷಿಸಲೆಂದೇ ಹತ್ತಿದ್ದೆವು. ಆದರೆ ಗೊತ್ತಿದ್ದದ್ದು ಸಮಯಕ್ಕೆ ನೆನಪಾಗುವ ಸ್ವಭಾವ ನಮ್ಮ ಮೂವರಲ್ಲಿ ಒಬ್ಬನಿಗೂ ಇರಲಿಲ್ಲ.

ಹಾಡು ನಿಂತಿತು. ಆಮೇಲೆ ನನ್ನ ಕಿವಿಯ ಪಕ್ಕದ ಗಾರೆಯೊಳಗಿನಿಂದಲೇ ಬಂದಂತೆ, ಸಣ್ಣ, ಸ್ಪಷ್ಟ ದನಿ:

"ಶಿವಲಿಂಗಪ್ಪ ಮಾಸ್ತರ, ನಿಮ್ಮ ಅಜ್ಜಿ ಹ್ಯಾಂಗಿದ್ದಾರ್ರೀ?"

ಶಿವಲಿಂಗನಿಗೆ ಪಿಸುಗುಟ್ಟುವುದು ಮರೆತುಹೋಯಿತು. ವರ್ಗದಲ್ಲಿ ಹೆಸರು ಕೂಗಿಸಿಕೊಂಡವನಂತೆ ನೆಟ್ಟಗೆ ನಿಂತು, "ಆರಾಮ ಆಗ್ಯಾಳ್ರಿ ಸರ!" ಎಂದು ಕಿರುಚಿದ. ಅಜ್ಜಿ ಆರಾಮಾದ ಸುದ್ದಿಯನ್ನು ಗುಮ್ಮಟ ಏಳು ಸಲ ಸಾರಿತು. ನಾನು ನನಗೆ ತಿಳಿಯದೆಯೇ ಗಲ್ಲಕ್ಕೆ ಕೈ ಒತ್ತಿಕೊಂಡಿದ್ದೆ. ರಾಜೇಸಾಬ ನನ್ನ ಕಡೆ ನೋಡಿ, "ಆ ಕಡಿ ಅಲ್ಲಲೇ, ಎಡಗಡಿ ಅಂತ ಬರದಿದ್ದಿ" ಎಂದ. ಅದೂ ಅವರಿಗೆ ಕೇಳಿಸಿರಬೇಕು.

ಓಡಬಹುದಿತ್ತು. ಆದರೆ ದುಂಡಗಿನ ಪಡಸಾಲೆಯಲ್ಲಿ ಯಾವ ಕಡೆ ಓಡಿದರೂ ಅವರ ಹತ್ತಿರವೇ ಓಡಿದಂತೆ. ನೌಕರಿ ಹೋಯಿತು ಎಂದುಕೊಂಡು, ತಲೆ ಕೆಳಗೆ ಹಾಕಿ ಮೂವರೂ ನಡೆದೆವು. ಸಮೀಪ ಹೋದಾಗ ಕಂಡದ್ದೇ ಬೇರೆ. ಟೊಪಿಗೆ ಬಗಲಲ್ಲಿತ್ತು. ಅವರ ಬೋಳುತಲೆಯನ್ನು ನಾವು ನೋಡಿದ್ದೇ ಮೊದಲ ಸಲ. ಕೊರಳಿಗೆ ಮಫ್ಲರು, ಕೈಯಲ್ಲಿ ಕಲ್ಲುಸಕ್ಕರೆಯ ಪೊಟ್ಟಣ. ನಮ್ಮನ್ನು ಕಂಡವರೇ ಪೊಟ್ಟಣವನ್ನು ಬೆನ್ನ ಹಿಂದೆ ಮರೆಮಾಡಿದರು.

"ಮನ್ಯಾಗ ಹೇಳಬ್ಯಾಡ್ರಿ. ಆಫೀಸಿನ ಕೆಲಸ ಅಂತ ಹೇಳಿ ಬಂದೀನಿ" ಎಂದರು.

ನಾವು ಹೂಂ ಎಂದೆವು.

"ಸಣ್ಣಾಂವ ಇದ್ದಾಗ ನಾಟಕ ಕಂಪನಿ ಸೇರಬೇಕಂತ ಓಡಿಹೋಗಿದ್ದೆ. ನಮ್ಮಪ್ಪ ಕಿವಿ ಹಿಡಿದು ಕರಕೊಂಡು ಬಂದರು. ಮನ್ಯಾಗ ಹಾಡಿದ್ರ ಆಕಿ ನಕ್ಕೋತ ಅಡಗಿಮನಿ ಬಾಗಲಾ ಹಾಕ್ಕೋತಾಳ. ಸಾಲ್ಯಾಗ ಹಾಡಿದ್ರ ನೀವು ನಗತೀರಿ. ಈ ಗುಮ್ಮಟ ಒಂದು, ಒಮ್ಮಿ ಹಾಡಿದ್ರ ತಾನs ಏಳು ಸಲ ವನ್ಸ್ ಮೋರ್ ಅಂತದ."

ಒಂದು ವರ್ಷದಲ್ಲಿ ಅವರು ಆಡಿದ ಒಟ್ಟು ಮಾತಿಗಿಂತ ಅದು ಹೆಚ್ಚಾಗಿತ್ತು. ಆಮೇಲೆ ಶಿವಲಿಂಗನ ಕಡೆ ತಿರುಗಿದರು. "ಖರೇ ಹೇಳ್ರಿ. ಎಮ್ಮಿ ಹಂಗs ಕೇಳಸ್ತದೇನು?"

ನಾನು ಅವನ ಕಾಲು ತುಳಿದೆ. ಶಿವಲಿಂಗ ಗಣಿತದವನು. ಉತ್ತರ ತಪ್ಪು ಬರೆದರೆ ಅವನಿಗೆ ನಿದ್ದೆ ಬರುವುದಿಲ್ಲ. "ಮ್ಯಾಲಿನ ಸ್ವರದಾಗ ಅಷ್ಟs ಎಮ್ಮಿರಿ ಸರ" ಎಂದ. "ಕೆಳಗಿಂದು ಛಲೋ ಐತ್ರಿ. ನೀವು ಮ್ಯಾಲ ಹೋಗಬ್ಯಾಡ್ರಿ."

ಹೆಡ್‌ಮಾಸ್ತರರು ಅವನನ್ನೇ ನೋಡಿದರು. ಆಮೇಲೆ ನಗಲು ಶುರುಮಾಡಿದರು. ಮೊದಲು ನಮಗೆ ಹೆದರಿಕೆಯೇ ಆಯಿತು, ಯಾಕೆಂದರೆ ಎಂಟು ಜನ ಹೆಡ್‌ಮಾಸ್ತರರು ನಕ್ಕಂತೆ ಕೇಳಿಸುತ್ತಿತ್ತು. ಅವರು ನಮಗೆಲ್ಲ ಕಲ್ಲುಸಕ್ಕರೆ ಹಂಚಿ, ಮತ್ತೆ ಹಾಡಿದರು. ಮೇಲಕ್ಕೆ ಹೋಗಲಿಲ್ಲ. ಚೆನ್ನಾಗಿಯೇ ಇತ್ತೆಂದು ಹೇಳಿದರೆ ನೀವು ನಂಬಬೇಕು.

ಸಂಜೆ ಒಂದೇ ಬಸ್ಸಿನಲ್ಲಿ ಮರಳಿದೆವು. ಬಬಲೇಶ್ವರ ಬರುತ್ತಿದ್ದಂತೆ ಅವರು ಟೊಪಿಗೆ ಹಾಕಿಕೊಂಡು ಮತ್ತೆ ಹೆಡ್‌ಮಾಸ್ತರರಾದರು. ಬೇಸಿಗೆಯಲ್ಲಿ ನಾವು ಕಾಯಂ ಆದೆವು. ಶಿವಲಿಂಗನ ಕಾಗದದಲ್ಲಿ ಮಾತ್ರ "ಸತ್ಯವಂತ" ಎಂದು ಹೆಚ್ಚಿಗೆ ಒಂದು ಶಬ್ದವಿತ್ತಂತೆ.

ಕತೆ ಇಲ್ಲಿಗೇ ಮುಗಿಯುತ್ತಿತ್ತು. ಆದರೆ ಮುಂದಿನ ಸಂಕ್ರಾಂತಿಯ ಮುನ್ನಾದಿನ ಹೆಡ್‌ಮಾಸ್ತರರ ಹೆಂಡತಿ ರಾಜೇಸಾಬನನ್ನು ಹಾದಿಯಲ್ಲಿ ನಿಲ್ಲಿಸಿದರು. ನಾವೆಲ್ಲ ಅವರನ್ನು ವೈನಿ ಎಂದೇ ಕರೆಯುತ್ತಿದ್ದೆವು. "ವರ್ಷಾ ಹಬ್ಬದ ಮರದಿನಾನ ಆಫೀಸಿನ್ಯಾಗ ಏನ್ ಕೆಲಸಪಾ?" ಎಂದರು. ಆತ ಎಲ್ಲ ಹೇಳಿಬಿಟ್ಟ.

ಹಬ್ಬದ ಮರುದಿನ ಮೊದಲ ಬಸ್ಸಿಗೆ ಹೆಡ್‌ಮಾಸ್ತರರೂ ಸೇರಿ ನಾವು ನಾಲ್ವರು ಹೋದರೆ, ವೈನಿ ಆಗಲೇ ಸಜ್ಜಿರೊಟ್ಟಿಯ ಗಂಟು ಹಿಡಿದು ನಿಂತಿದ್ದರು. ಗಂಡನ ಮುಖ ನೋಡದೆ ಹೇಳಿದರು: "ಇಷ್ಟು ವರ್ಷ ಆತು, ಆ ಆಫೀಸು ಹ್ಯಾಂಗದ ಅಂತ ನಾ ನೋಡೇ ಇಲ್ಲ."

ಗುಮ್ಮಟದಲ್ಲಿ ಅವರು ಎದುರು ಬದಿಗೆ ಹೋಗಿ ಗೋಡೆಯ ಪಕ್ಕ ಕುಳಿತರು. ಹೆಡ್‌ಮಾಸ್ತರರು ಮೂರು ಸಲ ಕೆಮ್ಮಿ ಹಾಡಿದರು. ಹೆದರಿಕೆಗೋ ಏನೋ, ಮೇಲಿನ ಸ್ವರಕ್ಕೂ ಹೋದರು. ಅದು ಸೀಳಿತು ಕೂಡ. ನಾವು ಮೂವರೂ ನಮ್ಮ ನಮ್ಮ ಕಾಲು ನೋಡಿಕೊಂಡೆವು. ಹಾಡು ಮುಗಿದ ಮೇಲೆ ವೈನಿ ಗೋಡೆಗೆ ಬಾಯಿ ಹಚ್ಚಿ ಏನೋ ಹೇಳಿದ್ದು ಕಂಡಿತು. ಹೆಡ್‌ಮಾಸ್ತರರು ಈ ಕಡೆ ಗೋಡೆಗೆ ಕಿವಿ ಒತ್ತಿ ನಿಂತಿದ್ದರು. ನಾವು ದೂರ ನಿಂತಿದ್ದೆವು, ನಮಗೆ ಕೇಳಲಿಲ್ಲ. ಅವರು ಮಫ್ಲರಿನಿಂದ ಕಣ್ಣು ಒರೆಸಿಕೊಂಡದ್ದು ಮಾತ್ರ ನೋಡಿದೆವು. ಬಸ್ಸಿನಲ್ಲಿ ಗಂಡ ಹೆಂಡತಿ ಇಬ್ಬರನ್ನೂ ಕೇಳಿ ನೋಡಿದೆವು. ಇಬ್ಬರೂ ಹೇಳಲಿಲ್ಲ.

ಈ ಪುಟ ಬರೆಯುತ್ತಿರುವಾಗ ಅಡುಗೆಮನೆಯಲ್ಲಿ ನನ್ನ ಹೆಂಡತಿ ಪಲ್ಯದ ಸೊಪ್ಪು ಸೋಸುತ್ತ ಏನೋ ಗುನುಗುತ್ತಿದ್ದದ್ದು ಅರೆಬರೆ ಕೇಳಿಸಿತು. ಇಷ್ಟು ವರ್ಷ ಅದು ನಡೆದೇ ಇದ್ದಿರಬೇಕು. ನಾನು ಎದ್ದು ಹೋಗಿ ಬಾಗಿಲಲ್ಲಿ ನಿಂತೆ.

"ಯಾಕ, ಚಾ ಬೇಕೇನು?" ಎಂದಳು.

"ಬ್ಯಾಡ. ನೀ ಹಾಡು."

"ಏನಾಗೇತಿ ನಿಮಗ? ಹೋಗ್ರಿ ಅತ್ಲಾಗ" ಎಂದಳು. ನಾನು ಹೋಗಲಿಲ್ಲ. ಗಲಿಬಿಲಿಯಲ್ಲಿ ಅವಳಿಗೆ ಮುಂದಿನ ನುಡಿ ಮರೆತುಹೋಗಿತ್ತು. ಕೊತ್ತಂಬರಿ ಕಟ್ಟು ಬಿಚ್ಚುತ್ತ ಮೊದಲಿನಿಂದ ಮತ್ತೆ ಶುರುಮಾಡಿದಳು.