ಕದಿರಮ್ಮನ ಬಿಳಿ ಕೋಳಿಗಳು

ಶಿಡ್ಲಘಟ್ಟಕ್ಕೆ ಮೂರು ಮೈಲಿ ದೂರದ ಒಂದು ಹಳ್ಳಿಯಲ್ಲಿ ನಾನು ಪ್ರಾಥಮಿಕ ಶಾಲೆಯ ಉಪಾಧ್ಯಾಯನಾಗಿದ್ದಾಗಿನ ಮಾತಿದು. ಸಾವಿರದ ಒಂಬೈನೂರ ಅರವತ್ತೊಂದನೆಯ ಇಸವಿ. ರೈತರಾದ ಜಯರಾಮಪ್ಪನವರು ತಮ್ಮ ಮನೆಯ ಮುಂಭಾಗದ ಕೋಣೆಯನ್ನು ಬಾಡಿಗೆಯಿಲ್ಲದೆ ನನಗೆ ಬಿಟ್ಟುಕೊಟ್ಟಿದ್ದರು. ಆ ಮನೆಯಲ್ಲಿ ಎಲ್ಲರಿಗಿಂತ ಮೊದಲು ಏಳುತ್ತಿದ್ದವರು, ಎಲ್ಲರೂ ಉಂಡ ಮೇಲೆ ಉಣ್ಣುತ್ತಿದ್ದವರು ಅವರ ಅಕ್ಕ ಕದಿರಮ್ಮ.

ನಗರಗೆರೆಯ ಕಡೆ ಕೊಟ್ಟಿದ್ದ ಹೆಣ್ಣು. ಇಪ್ಪತ್ತಾರನೆಯ ವಯಸ್ಸಿಗೆ ಗಂಡನನ್ನು ಕಳೆದುಕೊಂಡು, ಕೈಗೂಸು ವೆಂಕಟರತ್ನಮ್ಮನನ್ನು ಎತ್ತಿಕೊಂಡು ತಮ್ಮನ ಮನೆಗೆ ಬಂದಿದ್ದರು. ರೇಷ್ಮೆಹುಳು ಸಾಕುವುದರಲ್ಲಿ ಆ ಊರಿನಲ್ಲಿ ಅವರಂಥ ಕೈ ಇನ್ನೊಂದಿರಲಿಲ್ಲ. ಹುಳುವಿಗೆ ಯಾವಾಗ ಎಳೆಯ ಸೊಪ್ಪು, ಯಾವಾಗ ಬಲಿತ ಸೊಪ್ಪು ಎಂಬುದನ್ನು ಅವರು ಹುಳು ಮೇಯುವ ತಟ್ಟೆಯ ಸದ್ದಿನಿಂದಲೇ ಹೇಳುತ್ತಿದ್ದರು. ಗೂಡು ಮಾರುಕಟ್ಟೆಗೆ ಹೋಗುವಾಗ ಮಾತ್ರ ಅದು ಜಯರಾಮಪ್ಪನವರ ಬೆಳೆ.

ವೆಂಕಟರತ್ನಮ್ಮ ಆ ವರ್ಷ ನನ್ನ ಶಾಲೆಯ ನಾಲ್ಕನೆಯ ತರಗತಿಯಲ್ಲಿದ್ದಳು. ಲೆಕ್ಕದಲ್ಲಿ ಚುರುಕು, ಓದಿನಲ್ಲಿ ಇನ್ನೂ ಚುರುಕು. ಮುಂದಿನ ಜೂನ್‌ನಿಂದ ಅವಳನ್ನು ಶಿಡ್ಲಘಟ್ಟದ ಮಿಡ್ಲ್ ಸ್ಕೂಲಿಗೆ ಕಳುಹಿಸಬೇಕೆಂದು ನಾನು ಜಯರಾಮಪ್ಪನವರಲ್ಲಿ ಪ್ರಸ್ತಾಪಿಸಿದೆ.

"ಕಳಿಸ್ಲಿ ಬಿಡಿ ಮೇಷ್ಟ್ರೆ, ನಾನೇನು ಬ್ಯಾಡ ಅಂದ್ನಾ? ಬಟ್ಟೆ, ಪುಸ್ತಕ ಎಲ್ಲಾ ಅಕ್ಕನೇ ನೋಡ್ಕೊಳ್ಳಲಿ. ನನಗೂ ಮಕ್ಕಳವೆ" ಎಂದರು.

ಒಂದು ಕಾಸೂ ಕೈಯಲ್ಲಿ ಓಡಾಡದ ಹೆಂಗಸಿಗೆ ಅದು ಕಳಿಸುವುದಿಲ್ಲ ಎಂದಂತೆಯೇ. ಆದರೆ ಕದಿರಮ್ಮ ಆ ಮಾತನ್ನು ಹಾಗೆ ತೆಗೆದುಕೊಳ್ಳಲಿಲ್ಲ. ಆ ದಿನಗಳಲ್ಲಿ ಸರ್ಕಾರದ ಗ್ರಾಮಸೇವಕರು ಸೀಮೆ ತಳಿಯ ಬಿಳಿ ಕೋಳಿಗಳನ್ನು ಹಂಚುತ್ತಿದ್ದರು. ಕದಿರಮ್ಮ ನನ್ನಿಂದ ಅರ್ಜಿ ಬರೆಯಿಸಿ, ಹೆಬ್ಬೆಟ್ಟು ಒತ್ತಿ, ಐದು ಹೇಂಟೆಗಳನ್ನೂ ಒಂದು ಹುಂಜವನ್ನೂ ತಂದರು.

ಅವು ಬಂದ ದಿನ ಊರಿಗೆ ಊರೇ ಹಿತ್ತಲಿಗೆ ಬಂದಿತ್ತು. ಕೆಂಪು ಜುಟ್ಟಿನ, ಸುಣ್ಣ ಬಳಿದಂಥ ಕೋಳಿಗಳನ್ನು ಅಲ್ಲಿ ಯಾರೂ ಕಂಡಿರಲಿಲ್ಲ. ಅವು ದಿನ ಬಿಟ್ಟು ದಿನ ಮೊಟ್ಟೆ ಇಟ್ಟವು. ಆದರೆ ಒಂದೂ ಕಾವಿಗೆ ಕೂರಲಿಲ್ಲ. ಬುಟ್ಟಿಯಲ್ಲಿ ಹುಲ್ಲು ಹಾಸಿ, ಮೊಟ್ಟೆ ಜೋಡಿಸಿ, ಮೇಲೆ ಕೂರಿಸಿ ಮುಚ್ಚಿದರೂ ಅರಚಿಕೊಂಡು ಎದ್ದು ಹೋಗುತ್ತಿದ್ದವು.

ಪಕ್ಕದ ಮನೆಯ ಅಮ್ಮಾಜಮ್ಮ ಗೋಡೆಯಾಚೆಯಿಂದಲೇ ನಕ್ಕರು. "ಥೇಟ್ ಆಫೀಸರಮ್ಮಾ ನಿನ್ ಕೋಳಿ! ಮೊಟ್ಟೆ ಇಟ್ಟಿದ್ದಾಯ್ತು, ಡ್ಯೂಟಿ ಮುಗೀತು. ಕಾವು ಕೊಡಕ್ಕೆ ಜವಾನ ಬೇಕು."

"ಹಂಗಾದ್ರೆ ನಿನ್ ಹೇಂಟೇನ ಪಾಲಿಗೆ ಕೊಡೇ. ಅದೇ ಜವಾನ" ಎಂದರು ಕದಿರಮ್ಮ.

ಹುಟ್ಟಿದ ಮರಿಗಳಲ್ಲಿ ಅರ್ಧ ಅಮ್ಮಾಜಮ್ಮನಿಗೆ, ಅರ್ಧ ಕದಿರಮ್ಮನಿಗೆ ಎಂದು ಮಾತಾಯಿತು. ಅಮ್ಮಾಜಮ್ಮನ ಕಂದು ನಾಟಿ ಹೇಂಟೆ ಇಪ್ಪತ್ತೊಂದು ದಿನ ಕೂತು ಹಳದಿ ಮರಿಗಳನ್ನು ಎಬ್ಬಿಸಿತು.

ಆಮೇಲೆ ಆ ಹಿತ್ತಲಿನಲ್ಲಿ ನಡೆದದ್ದು ಹಬ್ಬ. ಬಿಳಿ ಕೋಳಿಗಳಿಗೆ ಗೂಡು ಬೇಡ, ಸಂಜೆಯಾದರೆ ಹುಣಿಸೆಮರದ ಕೊಂಬೆಯೇ ಬೇಕು. ಅವುಗಳನ್ನು ಇಳಿಸುವ ನೆಪದಲ್ಲಿ ವೆಂಕಟರತ್ನಮ್ಮ, ಜಯರಾಮಪ್ಪನವರ ಮಗ ಚನ್ನಕೇಶವ ಮತ್ತು ಬೀದಿಯ ಮಕ್ಕಳೆಲ್ಲ ಮರಕೋತಿ ಆಡುತ್ತಿದ್ದರು. ಹದ್ದು ಸುತ್ತಿದರೆ ಮೊರ ಬಡಿದು ಕೂಗುವುದೂ ಒಂದು ಆಟ. ಭಾನುವಾರಗಳಂದು ಹಿಪ್ಪುನೇರಳೆ ತೋಟದ ಬದಿಯ ಹೊಂಗೆಯ ನೆರಳಿಗೆ ಮುದ್ದೆ, ಸಾರು ಹೊತ್ತುಕೊಂಡು ಹೋಗಿ ಎಲ್ಲರೂ ಅಲ್ಲಿಯೇ ಉಣ್ಣುತ್ತಿದ್ದೆವು. ಮರಿಗಳೂ ಬುಟ್ಟಿಯಲ್ಲಿ ಬರುತ್ತಿದ್ದವು. ಜಯರಾಮಪ್ಪನವರ ಹೆಂಡತಿ ಶ್ಯಾಮಲಮ್ಮ ಕೂಡ ಸೆರಗು ಸಿಕ್ಕಿಸಿ ಮಕ್ಕಳೊಡನೆ ಓಡಿದ್ದನ್ನು ನಾನು ಕಂಡಿದ್ದೇನೆ. ವೆಂಕಟರತ್ನಮ್ಮ ಸಂತೆಯ ದಿನ ತಾಯಿಯೊಂದಿಗೆ ಮೊಟ್ಟೆಯ ಬುಟ್ಟಿ ಹಿಡಿದು ಶಿಡ್ಲಘಟ್ಟದ ಮಿಲಿಟರಿ ಹೋಟೆಲಿಗೆ ಹೋಗಿ ಬರುತ್ತಿದ್ದಳು. ಯುಗಾದಿಯ ಹೊತ್ತಿಗೆ ಅವಳಿಗೆ ಎರಡು ಲಂಗ, ಒಂದು ಚೀಲ ಬಂದಿದ್ದವು. ಕೊಳ್ಳಲು ಪುಸ್ತಕಗಳಷ್ಟೇ ಉಳಿದಿದ್ದವು.

ಕದಿರಮ್ಮ ತಪ್ಪು ಮಾಡಿದ್ದು ಒಂದೇ. ತಟ್ಟೆಗಳಿಂದ ದಿನವೂ ಸೀಕು ಹತ್ತಿದ ಹುಳುಗಳನ್ನು ಆರಿಸಿ ತಿಪ್ಪೆಗೆ ಎಸೆಯುವುದು ರೂಢಿ. ಅವರು ಅವನ್ನು ಎಸೆಯದೆ ಕೋಳಿಗಳಿಗೆ ಹಾಕತೊಡಗಿದರು. ಜೋಳ ಕೇಳಿದರೆ ಶ್ಯಾಮಲಮ್ಮನ ಮುಖ ನೋಡಬೇಕು, ಹುಳುವಿಗೆ ಯಾರ ಮುಖವನ್ನೂ ನೋಡಬೇಕಾಗಿರಲಿಲ್ಲ. ಕೋಳಿಗಳು ಮಿಂಚಿದವು, ಮೊಟ್ಟೆ ಹೆಚ್ಚಿತು.

ಅಮ್ಮಾಜಮ್ಮ ಎಚ್ಚರಿಸಿದರು. "ಬ್ಯಾಡ ಕಣೇ. ರುಚಿ ಹತ್ತಿದ್ರೆ ಕೋಳಿಗೆ ಸೀಕಿನ ಹುಳಾನೂ ಒಂದೇ, ಗೂಡು ಕಟ್ಟಕ್ಕೆ ಹಣ್ಣಾದ ಹುಳಾನೂ ಒಂದೇ."

"ಹಣ್ಣಾಗೋ ದಿನ ಮಂಕರಿ ಮುಚ್ಚಿ ಮೇಲೆ ಕಲ್ಲಿಡ್ತೀನಿ ಬಿಡು" ಎಂದರು ಕದಿರಮ್ಮ. ಇಡುತ್ತಲೂ ಇದ್ದರು. ಎರಡು ಬೆಳೆ ಹಾಗೆಯೇ ದಾಟಿತು.

ಮೇ ತಿಂಗಳ ಬೆಳೆ ಬಹಳ ಚೆನ್ನಾಗಿ ಬಂದಿತ್ತು. ಹುಳುಗಳು ಹಣ್ಣಾದ ದಿನ ಊರಿನ ಹೆಂಗಸರು ಸಹಾಯಕ್ಕೆ ಬಂದರು. ಗೂಡು ಕಟ್ಟಲೆಂದು ಹುಳುಗಳನ್ನು ಚಂದ್ರಿಕೆಗಳೆಂಬ ಬಿದಿರಿನ ತಟ್ಟಿಗಳ ಮೇಲೆ ಬಿಟ್ಟು, ಅಂಗಳದ ಚಪ್ಪರದಡಿ ಸಾಲಾಗಿ ಒರಗಿಸುತ್ತಿದ್ದರು. ಕದಿರಮ್ಮ ಮುಂಜಾನೆಯೇ ದೊಡ್ಡವು, ಮರಿ ಬೆಳೆದವು ಎಲ್ಲ ಸೇರಿ ಹನ್ನೆರಡು ಕೋಳಿಗಳನ್ನು ಎರಡು ಮಂಕರಿಗಳಡಿ ಹಾಕಿ, ಮೇಲೆ ಒಂದೊಂದು ಗುಂಡುಕಲ್ಲು ಹೇರಿ ಒಳಗೆ ಹೋಗಿದ್ದರು.

ಮಧ್ಯಾಹ್ನ ಮಂಡಿಕಲ್ಲಿನಿಂದ ಜಯರಾಮಪ್ಪನವರ ಭಾವಮೈದುನ ನರಸಿಂಹಪ್ಪ ಬಂದರು. ನಾನು ಜಗಲಿಯ ಮೇಲೆ ಕುಳಿತು ಪರೀಕ್ಷೆಯ ಉತ್ತರಗಳನ್ನು ತಿದ್ದುತ್ತಿದ್ದೆ.

"ಸರ್ಕಾರಿ ಕೋಳಿ ಸಾಕಿದ್ದೀರಂತೆ, ಎಲ್ಲಿ ಭಾವ?" ಎಂದರು ನರಸಿಂಹಪ್ಪ.

"ಬಾ ತೋರಿಸ್ತೀನಿ. ತೂಕ ನೋಡಿದ್ರೆ ನೀನೇ ಎರಡು ಕೇಳ್ತೀಯ."

ಜಯರಾಮಪ್ಪನವರೇ ಎರಡು ಕಲ್ಲುಗಳನ್ನೂ ಇಳಿಸಿದರು. ಒಂದು ಮಂಕರಿಯಿಂದ ಹುಂಜವನ್ನು, ಇನ್ನೊಂದರಿಂದ ಒಂದು ಹೇಂಟೆಯನ್ನು ಎತ್ತಿ ಭಾವಮೈದುನನ ಕೈಗೆ ಕೊಟ್ಟರು. ನಕ್ಕರು, ಒಳಗೆ ಬಿಟ್ಟರು, ಮಂಕರಿಗಳನ್ನು ಬೋರಲು ಹಾಕಿದರು. ಕಲ್ಲುಗಳು ನೆಲದ ಮೇಲೆಯೇ ಉಳಿದವು. ಇಬ್ಬರೂ ತೋಟ ನೋಡಲು ಹೋದರು. ಅವರು ಕಲ್ಲಿಡಲಿಲ್ಲವೆಂಬುದನ್ನು ನಾನು ಕಂಡೆ. ಕಂಡು, ಕೈಯಲ್ಲಿದ್ದ ಕಾಗದ ಮುಗಿಸಿ ಏಳೋಣವೆಂದುಕೊಂಡೆ. ಆಮೇಲೆ ಮರೆತೆ.

ಶ್ಯಾಮಲಮ್ಮನ ಚೀರಾಟ ಕೇಳಿದಾಗ ಹನ್ನೆರಡು ಕೋಳಿಗಳೂ ಚಪ್ಪರದಡಿ ಇದ್ದವು. ಆರು ಚಂದ್ರಿಕೆಗಳು ಬರಿದಾಗಿದ್ದವು, ಕೆಲವು ಮಗುಚಿ ಬಿದ್ದಿದ್ದವು. ಕೆಳಗೆ ತುಳಿದ ಹುಳುಗಳ ಹಸಿರು ರಸ.

"ಅತ್ಗೆ, ನಿಮ್ ಕೋಳಿ ನಮ್ ಮನೆ ತಿಂದ್ವು! ಕಲ್ಲಿಡಕ್ಕೆ ಏನಾಗಿತ್ತು ನಿಮಗೆ?"

"ಇಟ್ಟಿದ್ನಲ್ಲಮ್ಮ... ಇಟ್ಟಿದ್ದೆ..." ಎಂದು ಕದಿರಮ್ಮ ತಮ್ಮ ಕೈಗಳನ್ನೇ ನೋಡಿಕೊಂಡರು.

ತೋಟದಿಂದ ಬಂದ ಜಯರಾಮಪ್ಪ ಮಂಕರಿಯ ಕಡೆ ಒಮ್ಮೆ ನೋಡಿದರು, ನನ್ನ ಕಡೆ ಒಮ್ಮೆ ನೋಡಿದರು. ಅವರಿಗೆ ಎಲ್ಲವೂ ನೆನಪಿತ್ತು. ಅಂಗಳದ ತುಂಬ ಊರಿನ ಹೆಂಗಸರು ನಿಂತಿದ್ದರು.

"ಹುಳ ತಿನ್ನಿಸಿ ರುಚಿ ಹತ್ತಿಸಿದ್ದು ಯಾರು? ಕಲ್ಲಿದ್ರೇನು ಬಿಟ್ರೇನು? ಇವತ್ತಿಗೆ ಮುಗೀತು. ಬಂದೋರಿಗೆ ಊಟಕ್ಕಾಗುತ್ತೆ, ಕುಯ್ಸಿ."

ಭಾವಮೈದುನ ಬಾಯಿ ತೆರೆಯಲಿಲ್ಲ. ನಾನೂ ತೆರೆಯಲಿಲ್ಲ. ಬಾಡಿಗೆಯಿಲ್ಲದ ಕೋಣೆಯಲ್ಲಿ ಇದ್ದವನು ನಾನು. ನಾಳೆ ಅವರ ಸಿಟ್ಟು ಇಳಿದ ಮೇಲೆ ಒಬ್ಬರೇ ಇದ್ದಾಗ ಹೇಳಿದರಾಯಿತೆಂದು ಮನಸ್ಸಿಗೆ ಸಮಾಧಾನ ಹೇಳಿಕೊಂಡೆ.

ಆ ಸಂಜೆ ಸಹಾಯಕ್ಕೆ ಬಂದ ಹೆಂಗಸರಿಗೆಲ್ಲ ಕೋಳಿ ಸಾರು. ಮಸಾಲೆ ಅರೆದವರು ಕದಿರಮ್ಮ, ಬಡಿಸಿದವರೂ ಅವರೇ. ಅಮ್ಮಾಜಮ್ಮ ಉಣ್ಣದೆ ಎದ್ದು ಹೋದರು. ವೆಂಕಟರತ್ನಮ್ಮ ಎಲ್ಲಿದ್ದಳೋ, ಸಾಲಿನಲ್ಲಿ ಕಾಣಲಿಲ್ಲ. ನನ್ನ ಕೋಣೆಗೆ ತಟ್ಟೆ ತಂದಿಟ್ಟು ಕದಿರಮ್ಮ ಹೇಳಿದರು: "ಉಣ್ಣಿ ಮೇಷ್ಟ್ರೆ, ಆರೋಗುತ್ತೆ. ತಪ್ಪು ನಂದೇ. ರುಚಿ ಹತ್ತಿಸಿದ್ದು ನಾನೇ ತಾನೆ?"

ಅಲ್ಲವೆನ್ನಲು ಅದಕ್ಕಿಂತ ಒಳ್ಳೆಯ ಗಳಿಗೆ ನನಗೆ ಸಿಗುತ್ತಿರಲಿಲ್ಲ. "ಇರಲಿ ಬಿಡಿ ಕದಿರಮ್ಮ" ಎಂದೆ.

ಜೂನ್ ಮೊದಲ ವಾರ ನಾನು ಪುಸ್ತಕಗಳನ್ನು ನನ್ನ ಸಂಬಳದಲ್ಲಿಯೇ ಕೊಡಿಸುತ್ತೇನೆಂದು ಜಯರಾಮಪ್ಪನವರಿಗೆ ಹೇಳಿ ನೋಡಿದೆ. "ನಮ್ ಮನೆ ಹುಡುಗೀಗೆ ಊರೋರು ಪುಸ್ತಕ ಕೊಡಿಸಬೇಕಾ ಮೇಷ್ಟ್ರೆ?" ಎಂದು ಅವರು ನಕ್ಕರು. ಮರುದಿನ ವೆಂಕಟರತ್ನಮ್ಮ ನಾನು ಬರೆದುಕೊಟ್ಟಿದ್ದ ವರ್ಗಾವಣೆ ಪತ್ರವನ್ನು ಹಿಂದಕ್ಕೆ ತಂದಳು.

"ಇದು ಬ್ಯಾಡವಂತೆ ಮೇಷ್ಟ್ರೆ. ಶಿಡ್ಲಘಟ್ಟದಾಗೆ ನೂಲು ತೆಗೆಯೋ ಮನೇಲಿ ಚರಕ ತಿರುಗ್ಸಕ್ಕೆ ಮಾವ ಮಾತಾಡವ್ರೆ. ನಾಳೆಯಿಂದ ಹೋಗ್ತೀನಿ."

ಮಿಡ್ಲ್ ಸ್ಕೂಲಿಗೆಂದು ಕೊಂಡಿದ್ದ ಹಸಿರು ಲಂಗವನ್ನು ಅವಳು ಹಾಕಿಕೊಂಡಿದ್ದಳು. ಪತ್ರವನ್ನು ಎರಡು ಕೈಯಿಂದ ನನ್ನ ಮೇಜಿನ ಮೇಲೆ ಇಟ್ಟು, ತರಗತಿಯಲ್ಲಿ ಮಾಡುತ್ತಿದ್ದಂತೆಯೇ ನಮಸ್ಕಾರ ಮಾಡಿ ಹೋದಳು.