ಆಪಾ ಜೊತೆ ಗಾಳ ಹಾಕಿದ ದಿನಗಳು

ಮೊನ್ನೆ ಹುತ್ತೂರಿನ ಕಡೆ ಒಂದು ಮದುವೆ ಮುಗಿಸಿಕೊಂಡು ಬಸ್ಸಿಗೆ ಕಾಯುತ್ತಿದ್ದೆ. ನಿಲ್ದಾಣದ ಹಿಂದಿನ ಮನೆಯಲ್ಲಿ ರೇಷ್ಮೆಗೂಡು ಬೇಯಿಸುತ್ತಿದ್ದರು. ಮೂಗು ಮುಚ್ಚಿಕೊಳ್ಳಬೇಕಾದ ಆ ವಾಸನೆಗೆ ನನ್ನ ಕಣ್ಣು ತುಂಬಿ ಬಂತು. ಜೊತೆಗಿದ್ದ ನಾದಿನಿ, ಹೊಗೆ ಕಣ್ಣಿಗೆ ಹೋಯಿತೇನೋ ಎಂದಳು. ನನಗೆ ಆ ವಾಸನೆ ಎಂದರೆ ಆಪಾ...

ಉರ್ದುವಿನಲ್ಲಿ ಆಪಾ ಎಂದರೆ ಅಕ್ಕ. ಅವರು ನಮ್ಮ ಬೀದಿಯ ಕೊನೆಯ ಮನೆಯವರು, ನನಗಿಂತ ಬಹಳ ದೊಡ್ಡವರು. ಅವರ ಮನೆಯಲ್ಲಿ ಗೂಡು ಬೇಯಿಸಿ ನೂಲು ತೆಗೆಯುತ್ತಿದ್ದರು. ಎದುರಾದರೆ ಒಂದು ನಗು, ಅಷ್ಟೇ ನಮ್ಮ ಪರಿಚಯ. ನಾನು ಮದುವೆಯಾಗಿ ಬಂದಾಗಿನಿಂದ ಊರ ಕೆರೆಯಲ್ಲಿ ಜಾಲಿ ಬಿಟ್ಟರೆ ಬೇರೇನೂ ಇರಲಿಲ್ಲ. ಪೈಪಿನಲ್ಲಿ ನೀರು ಹರಿಸಿ ಅದನ್ನು ತುಂಬಿಸಿದ ಮೇಲೆ ಮೀನೂ ಆದವು. ಲಕ್ಕೂರಿನ ಕಡೆಯ ತವರಿನಲ್ಲಿ ತಾತನ ಪಕ್ಕ ಕೂತು ಗಾಳ ಹಾಕಿ ಬೆಳೆದವಳು ನಾನು, ಕೈ ಸುಮ್ಮನಿರಲಿಲ್ಲ. ಒಗೆಯುವ ಬಟ್ಟೆಯ ಅಡಿಯಲ್ಲಿ ದಾರ, ಗಾಳ ಮುಚ್ಚಿಟ್ಟು ಬುಟ್ಟಿ ಹೊತ್ತು ಹೋದರೆ, ಹೊಂಗೆ ಮರದ ಕೆಳಗೆ ಆಪಾ ಆಗಲೇ ಕೂತಿದ್ದಾರೆ. ಪಕ್ಕದಲ್ಲಿ ಬಟ್ಟೆಯ ಬುಟ್ಟಿ, ಕೈಯಲ್ಲಿ ಬಿದಿರ ಕೋಲು. ಇಬ್ಬರದೂ ಒಂದೇ ಕಳ್ಳತನ. ನಕ್ಕುಬಿಟ್ಟೆವು.

ಗಾಳ ಹಾಕುವುದು ಗಂಡಸರ ಕೆಲಸವೆಂದು ಊರು ಎಂದೋ ತೀರ್ಮಾನಿಸಿತ್ತು. ಅದಕ್ಕೇ ಒಗೆದ ಬಟ್ಟೆಯನ್ನೇ ಮತ್ತೆ ಒಗೆದು ತರುತ್ತಿದ್ದೆವು. ಹಿಡಿದ ಮೀನನ್ನು ಕೊಂಡು ತಂದೆವೆಂದು ಮನೆಯಲ್ಲಿ ಹೇಳುತ್ತಿದ್ದೆವು. ನಮ್ಮ ಅತ್ತೆಯಂತೂ ನನ್ನನ್ನು ತೋರಿಸಿ ಬೀದಿಯ ಸೊಸೆಯರಿಗೆಲ್ಲ ಬುದ್ಧಿ ಹೇಳುತ್ತಿದ್ದರು. ಬೆಳ್ಳಗಿರುವುದೆಲ್ಲ ಹಾಲೆಂದು ನಂಬುವ ಜೀವ ಅದು.

ನೂಲು ತೆಗೆದ ಮೇಲೆ ಗೂಡಿನಲ್ಲಿ ಉಳಿಯುವ ಹುಳುವನ್ನು ಆಪಾ ಸೆರಗಿನ ತುದಿಗೆ ಕಟ್ಟಿ ತರುತ್ತಿದ್ದರು. ಗಾಳಕ್ಕೆ ಅದನ್ನು ಚುಚ್ಚಿದರೆ ಮೀನು ಬಿಡುತ್ತಿರಲಿಲ್ಲ. ನೀರಿನ ಮೇಲೆ ತೇಲುವ ನವಿಲುಗರಿಯ ಕಡ್ಡಿ ಮುಳುಗಿದೊಡನೆ ಎಳೆಯಬೇಕು. ಅದನ್ನೇ ನೋಡುತ್ತ ಮಾತಿಲ್ಲದೆ ಕೂರುತ್ತಿದ್ದೆವು. ಗಂಡನ ಊರು ನನ್ನದೂ ಹೌದು ಎನ್ನಿಸಿದ್ದು ಆ ದಡದಲ್ಲೇ.

ಮೂರನೇ ವರ್ಷವೋ ಏನೋ... ಕಡ್ಡಿ ಮುಳುಗಿದರೂ ಆಪಾ ಎಳೆಯದೆ ಕೂರತೊಡಗಿದರು. ತೂಕಡಿಕೆ ಎಂದುಕೊಂಡೆ. ಒಂದು ದಿನ ಎಳೆಯಿರಿ ಎಂದಾಗ ಮುಖ ಆಚೆ ತಿರುಗಿಸಿದರು.

"ನಂಗೆ ಕಡ್ಡಿ ಕಾಣ್ತಿಲ್ಲ ಕಣೇ. ಮನೇಲಿ ಹೇಳ್ಬೇಡ. ಗೊತ್ತಾದ್ರೆ ಕೆರೆ ಕಡೆ ಬಿಡಲ್ಲ."

ಕೋಲಾರದ ಡಾಕ್ಟರ ಹತ್ತಿರ ಒಬ್ಬರೇ ಹೋಗಿ ಬಂದಿದ್ದರಂತೆ. ಹೋದ ದೃಷ್ಟಿ ಮರಳುವುದಿಲ್ಲ ಎಂದು ಡಾಕ್ಟರು ಹೇಳಿದ್ದರಂತೆ.

ನಾನು ಯಾರಿಗೂ ಹೇಳಲಿಲ್ಲ. ಅವರ ಕಡ್ಡಿಯನ್ನೂ ನಾನೇ ನೋಡಿ ಮೊಣಕೈಯಲ್ಲಿ ತಿವಿಯುತ್ತಿದ್ದೆ. ಅದು ಅವರಿಗೆ ಸೇರಲಿಲ್ಲ. ನನ್ನ ಮೀನು ನನಗೆ ಬಿಡು ಎಂದು ಗದರಿ, ದಾರವನ್ನು ತೋರುಬೆರಳ ಮೇಲೆ ಹಾಯಿಸಿಕೊಂಡು ಕಣ್ಣು ಮುಚ್ಚಿ ಕೂತರು. ಎಷ್ಟೋ ವಾರ ಬರಿಗೈ. ಕೊನೆಗೆ ಒಂದು ಮಧ್ಯಾಹ್ನ, ದಾರ ಜಗ್ಗಿದ್ದು ಬೆರಳಿಗೆ ತಿಳಿದು, ಮೊಳದುದ್ದದ ಗೆಂಡೆ ಮೀನನ್ನು ದಡಕ್ಕೆ ಎಳೆದು ಹಾಕಿದರು. ಆಮೇಲೆ ನನ್ನ ಕೈ ಹಿಡಿದು ಬಹಳ ಹೊತ್ತು ಕೂತಿದ್ದರು...

ದಾರಿ ತಡವರಿಸುವುದು ಮನೆಯವರಿಗೆ ಎಷ್ಟು ದಿನ ಗೊತ್ತಾಗದೆ ಇದ್ದೀತು? ಮುಳಬಾಗಿಲಿನಲ್ಲಿದ್ದ ಅವರ ಮಗಳು ಬಂದು ಕರೆದುಕೊಂಡು ಹೋದಳು. ಒಳ್ಳೆಯ ಹೆಣ್ಣು. ತಾಯಿಯ ಮೇಲಿನ ಪ್ರೀತಿಗೇ ಹೊಸಿಲು ದಾಟಲು ಬಿಡಲಿಲ್ಲ.

ಒಂದು ಸಲ ನಮ್ಮ ಕೆರೆಯ ಮೀನನ್ನು ಡಬ್ಬಿಯಲ್ಲಿಟ್ಟುಕೊಂಡು ಬೆಳಗಿನ ಬಸ್ಸಿಗೆ ಅಲ್ಲಿಗೆ ಹೋದೆ. ಮಂಚದ ಮೇಲಿದ್ದ ಆಪಾ ಮೀನನ್ನು ಕೈಗೆ ತೆಗೆದುಕೊಂಡು ಅದರ ತುಟಿ ಸವರಿದರು. ಬಾಯೊಳಗೆ ಬೆರಳಿಟ್ಟು ಗಾಳ ಚುಚ್ಚಿದ ಗಾಯ ಹುಡುಕಿದರು. ಅದು ಗಂಟಲಿನ ಆಳದಲ್ಲಿತ್ತು.

"ತಡವಾಗಿ ಎಳ್ದಿದೀಯ. ಅದು ನುಂಗೋವರ್ಗೂ ಏನ್ ಮಾಡ್ತಿದ್ದೆ?"

"ಪಕ್ಕದಲ್ಲಿ ನೀವಿಲ್ವಲ್ಲ ಆಪಾ. ಆ ಕಡೇನೇ ನೋಡ್ತಾ ಕೂತಿದ್ದೆ," ಎಂದೆ.

ಆಪಾ ಮೀನು ಮುಟ್ಟಿದ ಕೈಯಲ್ಲೇ ನನ್ನ ಕೆನ್ನೆ ಸವರಿದರು.

ಹೋದ ಚಳಿಗಾಲ ಅವರು ತೀರಿಕೊಂಡರು. ಸುದ್ದಿ ನನಗೆ ಮುಟ್ಟಿದ್ದು ಮಣ್ಣಾದ ಮೇಲೆ. ಕೆರೆಗೆ ಈಗಲೂ ಹೋಗುತ್ತೇನೆ. ಈಚೆಗೆ ತಡ ಮಾಡುವುದಿಲ್ಲ, ಗಾಳ ಮೀನಿನ ತುಟಿಯಲ್ಲೇ ಸಿಕ್ಕಿರುತ್ತದೆ. ಪಕ್ಕಕ್ಕೆ ತಿರುಗಿ ನೋಡುವ ಅಭ್ಯಾಸವೂ ಹೋಯಿತಲ್ಲ ಎಂದು ಸಂಕಟವಾಗುತ್ತದೆ.