ಗಿರಣಿಗೆ ಹೋಗಿ ಬರುತ್ತಿದ್ದ ಜೋಳ

ಅಜ್ಜಿಯ ಹೆಬ್ಬೆರಳಿಗೆ ಅಡ್ಡಲಾಗಿ ಒಂದು ಗೆರೆ ಇತ್ತು. ಯಾವಾಗಲೋ ಜೋಳ ಕೊಯ್ಯುವಾಗ ಕುಡುಗೋಲು ತಾಗಿ ಸೀಳಿದ್ದು, ಗಾಯ ಕೂಡಿಕೊಂಡ ಮೇಲೂ ಗೆರೆ ಉಳಿದಿತ್ತು. ಮಸಿ ಹಚ್ಚಿ ಒತ್ತಿದರೆ ನಡುವೆ ಬಿಳಿಯ ದಾರಿ ಬಿಟ್ಟುಕೊಂಡು ಹೆಬ್ಬೆಟ್ಟು ಎರಡು ತುಂಡಾಗಿ ಮೂಡುತ್ತಿತ್ತು. ಪಂಚಾಯ್ತಿ ಕಾರ್ಯದರ್ಶಿಯಾಗಿ ನಾನು ಎಷ್ಟೋ ಊರುಗಳಲ್ಲಿ ಎಷ್ಟೋ ಜನರ ಹೆಬ್ಬೆಟ್ಟು ಒತ್ತಿಸಿಕೊಂಡಿದ್ದೇನೆ. ಪಕ್ಕದಲ್ಲಿ ಹೆಸರಿಲ್ಲದಿದ್ದರೂ ಇದು ಇಂಥವರದೇ ಎಂದು ಹೇಳಬಲ್ಲದ್ದು ಅದೊಂದೇ.

ತೊಂಬತ್ತರ ದಶಕದ ಕೊನೆಯಲ್ಲಿ ಹರಪನಹಳ್ಳಿಯವನಾದ ನನಗೆ ಕೂಡ್ಲಿಗಿ, ಕೊಟ್ಟೂರುಗಳ ನಡುವಿನ ಒಂದು ಊರಿಗೆ ವರ್ಗವಾಯಿತು. ಊರಲ್ಲಿ ವಯಸ್ಸಾದವರು ಹೆಚ್ಚಾಗಿದ್ದರು. “ಮೊದಲು ಅರವತ್ತಕ್ಕ ಹೊಂಟು ಹೋಗ್ತಿದ್ರು, ಈಗ ಎಂಬತ್ತಾದ್ರೂ ಬೀಡಿ ಕೇಳ್ತಾರ” ಎಂದು ಸದಸ್ಯರೊಬ್ಬರು ನಗುತ್ತಿದ್ದರು. ಅವರಿಗೆಂದು ಪಂಚಾಯ್ತಿಯಿಂದ ಏನಾದರೂ ಮಾಡಬೇಕು ಅನ್ನಿಸಿ ಬಸ್ಸು ನಿಲ್ಲುವ ಕಡೆ, ಬೇವಿನ ಮರದ ಕೆಳಗೆ ಒಂದು ಕಟ್ಟೆ ಕಟ್ಟಿಸಿದೆವು. ಮೇಲೆ ತಗಡು, ಬೆನ್ನಿಗೆ ಒರಗು, ಗೋಡೆಗೆ ‘ಹಿರಿಯರ ಕಟ್ಟೆ’ ಎಂಬ ಬರಹ. ವಾರದೊಳಗೆ ಕಟ್ಟೆ ತುಂಬಿತು. ನಾನು ಬೀಗಿದೆ. ಕೂತವರಲ್ಲಿ ಒಬ್ಬಳೂ ಹೆಂಗಸಿಲ್ಲ ಎಂಬುದು ನನ್ನ ಕಣ್ಣಿಗೆ ಬೀಳಲೇ ಇಲ್ಲ.

ಕಣ್ಣಿಗೆ ಬಿದ್ದದ್ದು ಅಜ್ಜಿ, ಓಣಿಯವರೆಲ್ಲ ಹಾಗೇ ಕರೆಯುತ್ತಿದ್ದ ಮುದುಕಿ. ಮಧ್ಯಾಹ್ನ ಊಟದ ಹೊತ್ತು ಮುಗಿದ ಮೇಲೆ ಗೊಬ್ಬರದ ಚೀಲ ಕತ್ತರಿಸಿ ಹೊಲಿದ ಕೈಚೀಲವನ್ನು ಸೊಂಟಕ್ಕೆ ಅವುಚಿಕೊಂಡು ನನ್ನ ಆಫೀಸಿನ ಕಿಟಕಿಯ ಮುಂದೆ ಹಾಯುತ್ತಿದ್ದಳು. ಕಟ್ಟೆ ಹತ್ತಿರ ಬರುತ್ತಲೇ ಚಪ್ಪಲಿ ಕಳಚಿ ಕೈಗೆ ತೆಗೆದುಕೊಂಡು, ಸೆರಗು ತಲೆಗೆ ಎಳೆದುಕೊಂಡು, ಸುಡುವ ನೆಲದಲ್ಲಿ ಬರಿಗಾಲಲ್ಲಿ ನಡೆದು, ದಾಟಿದ ಮೇಲೆ ಮತ್ತೆ ಮೆಟ್ಟಿಕೊಳ್ಳುತ್ತಿದ್ದಳು. ಸಂಜೆ ಅದೇ ಚೀಲ ಹೊತ್ತು ವಾಪಸ್ಸು. ಎಲ್ಲಿಗೆ ಎಂದು ವಿಚಾರಿಸಿದಾಗ ಹಿಟ್ಟಿನ ಗಿರಣಿಗೆ ಎಂದರು. ಮನೆಯಲ್ಲಿ ಇರುವವರು ಮಗ, ಸೊಸೆ, ಅಜ್ಜಿ, ಮೂರೇ ಜನ. ದಿನಾ ಒಂದು ಚೀಲ ಜೋಳ ಬೀಸಿದರೆ ರೊಟ್ಟಿ ತಿನ್ನುವವರು ಯಾರು?

ಕಂಡವರ ವಿಷಯಕ್ಕೆ ಮೂಗು ತೂರಿಸುವುದು ನನ್ನ ಹುಟ್ಟುಗುಣ. ಮನೆಗಂದಾಯದ ನೆವ ಮಾಡಿಕೊಂಡು ಒಂದು ದಿನ ಗಿರಣಿಗೆ ಹೋದೆ. ಕರೆಂಟು ಇರಲಿಲ್ಲ. ಪಡಸಾಲೆಯಲ್ಲಿ ಏಳೆಂಟು ಮುದುಕಿಯರು ಕಾಲು ಚಾಚಿ ಕೂತಿದ್ದರು. ಅಜ್ಜಿ ಗೋಡೆಗೊರಗಿ, ತನ್ನ ವಾರಿಗೆಯ ಗೆಳತಿ ಹೇಳುತ್ತಿದ್ದ ಯಾವುದೋ ಮಾತಿಗೆ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು. ಅಷ್ಟರಲ್ಲಿ ಕರೆಂಟು ಬಂತು. ಉಳಿದವರು ಎದ್ದರು. ಅಜ್ಜಿ ಮಾತ್ರ, “ನೀವು ಮುಂದ ಹಾಕ್ರವಾ, ನಂದೇನು ಅವಸರ ಐತಿ” ಎಂದು ಚೀಲವನ್ನು ಹಿಂದಕ್ಕೆ ಸರಿಸಿದಳು. ಮುಖ ತುಸು ಬಾಡಿತ್ತು.

ಗಿರಣಿಯವನನ್ನು ಬದಿಗೆ ಕರೆದು ಕೇಳಿದೆ. ಅವನು ದನಿ ತಗ್ಗಿಸಿ ಹೇಳಿದ: “ಆ ಜೋಳ ಗಿರಣಿ ನೋಡಾಕ ಬರ್ತೈತ್ರಿ ಸಾಹೇಬ್ರ, ಹಿಟ್ಟಾಗಾಕಲ್ಲ. ಮನಿಗೆ ಹೋಗಿ ಕರೆಂಟು ಇರಲಿಲ್ಲ ಅಂತಾರ. ಅವರ ಮನಿ ಖರೇ ಜೋಳ ಮಗ ಸೈಕಲ್ ಮ್ಯಾಲೆ ತಂದು ಬೀಸಿಸ್ತಾನ.”

ಆ ಸಂಜೆ ನಾನು ಮಾಡಿದ ಕೆಲಸ ಹೇಳಿಕೊಳ್ಳಲು ಇವತ್ತಿಗೂ ನಾಚಿಕೆ. ಹಿರಿಯರ ಕಟ್ಟೆಯಲ್ಲಿ ಕೂತವರು “ಏನ್ರಿ ಹೊಸ ಸುದ್ದಿ?” ಎಂದಾಗ ಬೀಸದ ಜೋಳದ ಕಥೆಯನ್ನು ರಸವತ್ತಾಗಿ ಹೇಳಿಬಿಟ್ಟೆ. ನಗಿಸಲಿಕ್ಕೆ ಹೇಳಿದ್ದು, ನಕ್ಕರು ಕೂಡ. ಆದರೆ ಆಡಿದ ಮಾತು ಊರೊಳಗೆ ಹೋಗಿ ಬೇರೆ ರೂಪ ತಾಳಿತು. ಮನೆಯಲ್ಲಿ ಸೊಸೆ ಅತ್ತೆಯನ್ನು ಕೂರಗೊಡುವುದಿಲ್ಲವಂತೆ, ಪಾಪ, ಆ ಮುದುಕಿ ಸಂಜೆತನಕ ಗಿರಣಿಯಲ್ಲಿ ಕಾಲ ಕಳೆಯುತ್ತಾಳಂತೆ. ಎರಡು ದಿನಕ್ಕೆ ಅಜ್ಜಿ ಬರುವುದು ನಿಂತಿತು.

ವಾರವಾಯಿತು, ಎರಡು ವಾರವಾಯಿತು. ಕಿಟಕಿಯ ಮುಂದೆ ಯಾರೂ ಹಾಯಲಿಲ್ಲ. ಗಿರಣಿಯವನು ಒಮ್ಮೆ ಎದುರಾಗಿ, “ನಿಮಗ ಹೇಳಿದ್ದು ನನ್ನ ತಪ್ಪು ಬಿಡ್ರಿ” ಎಂದಷ್ಟೇ ಹೇಳಿ ಮುಂದೆ ಹೋದ. ಮರುದಿನ ಅಜ್ಜಿಯ ಮನೆಗೆ ಹೋದೆ.

ಸೊಸೆ ಪಡಸಾಲೆಯಲ್ಲಿ ಹುಣಸೆಹಣ್ಣು ಜಜ್ಜಿ ಬೀಜ ಬಿಡಿಸುತ್ತಿದ್ದಳು. ನನ್ನನ್ನು ಕಂಡು ಎದ್ದು ನಿಂತಳು, ಆದರೆ ಕೂರಿ ಎನ್ನಲಿಲ್ಲ.

“ತಪ್ಪಾತವ್ವಾ. ಅಜ್ಜಿ ಜೋಳ ಬೀಸಲ್ಲ ಅಂತ ನಾನು ಹೇಳಬಾರದಿತ್ತು” ಎಂದೆ.

“ನನಗ ಗೊತ್ತಿಲ್ಲ ಅಂತ ತಿಳಕೊಂಡೀರೇನ್ರಿ?” ಎಂದಳು ಅವಳು. ದನಿ ಏರಿಸಲಿಲ್ಲ. “ತಿಂಗಳಿಗೊಮ್ಮೆ ಆ ಚೀಲದಾನ ಜೋಳ ನಾನಽ ಬದಲು ಮಾಡ್ತಿದ್ದೆ, ಹುಳ ಬೀಳ್ತಾವಂತ. ನಮ್ಮತ್ತಿಗೆ ಗೊತ್ತಾಗದಂಗ ಮಾಡ್ತಿದ್ದೆ. ಗುಟ್ಟಾಗಿದ್ದಾಗ ನಡೀತಿತ್ತು. ಈಗ ಊರೆಲ್ಲ ನನ್ನ ಮಾರಿ ನೋಡ್ತೈತಿ. ನಮ್ಮನಿಯವರು ಅತ್ತಿಗೆ ಇನ್ನ ಹೊಸಲು ದಾಟಬ್ಯಾಡ ಅಂದಾರ. ನಾನು ಹೆಂಗ ಕಳಿಸ್ಲಿ ಹೇಳ್ರಿ?”

ಅಷ್ಟರಲ್ಲಿ ಒಳಗಿನಿಂದ ಅಜ್ಜಿಯ ದನಿ ಬಂತು. “ಯಾರವಾ, ಹರಪನಹಳ್ಳಿಯಾವೇನು? ಒಳಗ ಬಾರಪಾ. ಸುದ್ದಿ ಹುಡುಕ್ಕೊಂಡು ಬಂದಿರಬೇಕು.”

ನಡುಮನೆಯ ಕಂಬಕ್ಕೆ ಒರಗಿ ಕೂತಿದ್ದಳು. ಎರಡೇ ವಾರದಲ್ಲಿ ಸೊರಗಿದ್ದಳು. ಮನೆಯಲ್ಲಿ ಏನಾದರೂ ಕಡಿಮೆ ಇದೆಯಾ ಎಂದು ಹೇಗೋ ಕೇಳಿದೆ.

“ಏನೂ ಕಮ್ಮಿ ಇಲ್ಲ. ಸೊಸಿ ಬಂಗಾರದಂಥಾಕಿ. ಆದ್ರ ಈ ಮನಿಯಾಗ ನಾನು ಅತ್ತಿ, ಮಗಗ ಅವ್ವ, ಓಣಿಯಾಗ ಅಜ್ಜಿ. ನನ್ನ ಹೆಸರು ಹಿಡದು, ಲೇ ಅಂತ ಕರಿಯಾಕಿ ಭೂಮಿ ಮ್ಯಾಲೆ ಒಬ್ಬಾಕಿ ಉಳದಾಳ. ಆಕಿ ಗಿರಣಿಗೆ ಬರ್ತಾಳ. ದಿನಕ್ಕೊಮ್ಮೆ ಕಿವಿ ಮ್ಯಾಲೆ ಆ ಹೆಸರು ಬೀಳದಿದ್ರ ನನಗ ಮರತಽ ಹೋಗ್ತೈತಿ ತಮ್ಮಾ, ನಾನು ಯಾರು ಅಂಬೋದು.”

ಹಾಗಾಗಿ ನಾನೂ ಇಲ್ಲಿ ಅಜ್ಜಿಯ ಹೆಸರು ಬರೆಯುವುದಿಲ್ಲ. ಕರೆಯುವ ಹಕ್ಕು ನನಗಿರಲಿಲ್ಲ.

ಹೆಣ್ಣುಮಕ್ಕಳಿಗೂ ಒಂದು ಕಟ್ಟೆ ಕಟ್ಟಿಸಲೇ ಎಂದೆ. ಅಜ್ಜಿ ನಕ್ಕಳು. “ಕಟ್ಟಿ ಮ್ಯಾಲೆ ಕುಂತೋರು ನನಗ ಭಾವ ಆಗಬೇಕು, ಮಾವ ಆಗಬೇಕು. ಎಪ್ಪತ್ತಾದ್ರೂ ನಾನು ಈ ಊರಿಗೆ ಹೊಳಿ ದಂಡಿ ಮಾಗಳದಿಂದ ಬಂದ ಸೊಸಿ. ಅವರ ಎದುರಿಗೆ ಕಾಲು ಚಾಚಾಕ ಆಗ್ತೈತೇನು? ಇನ್ನ, ಬ್ಯಾರೆ ಕಟ್ಟಿ ಕಟ್ಟಿಸಿದ್ರೂ ಅಷ್ಟಽ. ಸುಮ್ಮನ ಕುಂದ್ರಾಕ ಅಂತ ಹೆಣ್ಮಕ್ಕಳು ಮನಿ ಬಿಟ್ಟು ಬರಂಗಿಲ್ಲ. ನೀರಿಗೆ ಅಂತ ಬರ್ತೀವಿ, ಬೀಸಾಕ ಅಂತ ಬರ್ತೀವಿ. ಕುಂದ್ರಾಕೂ ನಮಗೊಂದು ನೆವ ಬೇಕು.” ಮತ್ತೆ ಹೇಳಿದಳು. “ನೀ ಸರ್ಕಾರದಾವ. ಒಂದು ಕಾಗದ ಮಾಡು. ನಾ ಕರೆದ್ರ ನನ್ನ ಮಗ ಕೇಳಂಗಿಲ್ಲ, ಕಾಗದ ಕರೆದ್ರ ಕೈ ಮುಗಿತಾನ.”

ಕಾಗದ ಮಾಡಿದೆ. ನನ್ನ ನೌಕರಿಯಲ್ಲಿ ಅಷ್ಟು ಪ್ರೀತಿಯಿಂದ ಬರೆದ ನೋಟೀಸು ಇನ್ನೊಂದಿಲ್ಲ. ‘ಅರವತ್ತು ವರ್ಷ ದಾಟಿದ ಮಹಿಳೆಯರು ಪ್ರತಿದಿನ ಮಧ್ಯಾಹ್ನ ಮೂರು ಗಂಟೆಗೆ ಪಂಚಾಯ್ತಿಯ ಹಿಂಬದಿ ಕೋಣೆಗೆ ಖುದ್ದು ಹಾಜರಾಗಿ ಹೆಬ್ಬೆಟ್ಟು ಒತ್ತತಕ್ಕದ್ದು. ತಪ್ಪಿದಲ್ಲಿ ಮುಂದಿನ ಕ್ರಮ ಜರುಗಿಸಲಾಗುವುದು.’ ಏತಕ್ಕೆ ಎಂದು ಬರೆಯಲಿಲ್ಲ. ಮುಂದಿನ ಕ್ರಮ ಏನೆಂದು ನನಗೂ ಗೊತ್ತಿರಲಿಲ್ಲ. ನಮ್ಮ ಅಧ್ಯಕ್ಷೆ ಪ್ರತಿ ಕಾಗದವನ್ನೂ ಗಂಡನಿಗೆ ತೋರಿಸಿ ರುಜು ಮಾಡುವವರು. ಇದನ್ನು ಮಾತ್ರ ಎರಡು ಸಲ ಓದಿಸಿಕೊಂಡು, ಯಾರನ್ನೂ ಕೇಳದೆ ರುಜು ಹಾಕಿ, “ನಮ್ಮವ್ವನೂ ಬರ್ಲಿ” ಎಂದರು. ದುಂಡನೆಯ ಮೊಹರು ಒತ್ತಿ ತಳವಾರನ ಕೈಲಿ ಡಂಗುರ ಹೊಡೆಸಿದೆವು.

ಹಿಂಬದಿ ಕೋಣೆಗೆ ಓಣಿಯ ಕಡೆಯಿಂದ ಬಾಗಿಲಿತ್ತು, ಕಟ್ಟೆಯ ಮುಂದೆ ಹಾಯಬೇಕಾಗಿರಲಿಲ್ಲ. ಕೆಟ್ಟ ಬಲ್ಬು, ಬ್ಲೀಚಿಂಗ್ ಪೌಡರಿನ ಡಬ್ಬ ತೆಗೆಸಿ ಚಾಪೆ ಹಾಸಿ, ನೀರಿನ ಕೊಡ ಇಡಿಸಿದೆ. ಮೊದಲ ದಿನ ಹನ್ನೊಂದು ಜನ ಬಂದರು. ಮನೆಯವರೆಲ್ಲ ಪೆನ್ಷನ್ ವಿಚಾರಣೆ ಎಂದು ತಾವೇ ತಿಳಿದುಕೊಂಡು ಕಳಿಸಿದ್ದರು. ರೇಷನ್ ಕಾರ್ಡನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಎದೆಗೆ ಒತ್ತಿಕೊಂಡವರೂ ಇದ್ದರು. ಅಜ್ಜಿಯನ್ನು ಮಗನೇ ಸೈಕಲ್ ಮೇಲೆ ಕೂರಿಸಿ ತಂದು ಬಿಟ್ಟು, “ತಡಾ ಆಗಿಲ್ಲಲ್ರಿ ಸಾಹೇಬ್ರ?” ಎಂದು ಕೇಳಿದ. ಇಲ್ಲ ಎಂದೆ. ಅಜ್ಜಿ ನನ್ನ ಕಡೆ ನೋಡಲೇ ಇಲ್ಲ. ನೋಡಿದ್ದರೆ ಇಬ್ಬರೂ ಸಿಕ್ಕಿಬೀಳುತ್ತಿದ್ದೆವು.

ಹಾಜರಿ ಪುಸ್ತಕ ಬಿಚ್ಚಿ ಮೊದಲ ಹೆಸರು ಓದಲು ಹೊರಟಾಗ ಅಜ್ಜಿ ತಡೆದಳು. “ನೀ ಕರೀಬ್ಯಾಡ. ಆಕಿ ಕರೀತಾಳ.” ಗಿರಣಿಯ ಆ ಗೆಳತಿಗೆ ಓದು ಬಾರದು, ಕಿವಿಯೂ ಮಂದ. ಆದರೆ ಹನ್ನೊಂದು ಹೆಸರನ್ನೂ ಬಾಯಿಪಾಠ ಮಾಡಿ, ಒಬ್ಬೊಬ್ಬರಿಗೂ ಒಂದು ‘ಲೇ’ ಸೇರಿಸಿ ಕೂಗತೊಡಗಿದಳು. ಅಜ್ಜಿಯ ಹೆಸರು ಬಂದಾಗ ಅಜ್ಜಿ, “ಅದೀನ್ಲೇ, ಸತ್ತಿಲ್ಲ” ಎನ್ನುವಳು. ಕೋಣೆಯೆಲ್ಲ ನಗುವುದು. ದಿನವೂ ಅದೇ ಮಾತು, ದಿನವೂ ಅದೇ ನಗು.

ಶೇಂಗಾ ಸುಲಿಯುವವರು ಸುಲಿಯುತ್ತಿದ್ದರು, ಗೊರಕೆ ಹೊಡೆಯುವವರು ಹೊಡೆಯುತ್ತಿದ್ದರು. ಅಜ್ಜಿ ನನ್ನನ್ನು ಪ್ರಶ್ನೆ ಕೇಳುತ್ತಿದ್ದಳು. ಸುದ್ದಿಯ ಹುಚ್ಚು ನನಗಿಂತ ಅವಳಿಗೇ ಹೆಚ್ಚು ಎಂದು ಗೊತ್ತಾದದ್ದು ಆಗ. ಟ್ಯಾಂಕಿಗೆ ನೀರು ಮೇಲಕ್ಕೆ ಹೆಂಗ ಹತ್ತುತೈತಿ? ಹೊಳೆಯ ಮೀನು ಬೋರಿನ ನೀರಲ್ಲಿ ಬದುಕುತೈತೋ? ತುಂಗಭದ್ರೆಯ ದಂಡೆಯಲ್ಲಿ ಹುಟ್ಟಿದವಳಿಗೆ ನೀರಿನ ಮೇಲೆ ಮುಗಿಯದ ಕುತೂಹಲ. ನನಗೆ ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎಂದರೆ, “ಕಂಡೋರ ಚೀಲದಾಗ ಏನೈತಿ ಅಂತ ಗೊತ್ತಾಗ್ತೈತಿ, ಇದು ಗೊತ್ತಾಗಲ್ಲೇನು?” ಎಂದು ಚುಚ್ಚುತ್ತಿದ್ದಳು. ಒಂದು ದಿನ ಸೊಸೆಯ ವಿಷಯ ಎತ್ತಿದೆ, ಜೋಳ ಬದಲಾಗುತ್ತಿದ್ದದ್ದು ಗೊತ್ತಿತ್ತೇ ಎಂದು. ಅಜ್ಜಿ ಹೇಳಿದಳು: “ಜೋಳ ತಾನಽ ಹೊಸದಾಗ್ತೈತೇನಪಾ? ಆಕಿ ಹೇಳಲಿಲ್ಲ, ನಾನು ಕೇಳಲಿಲ್ಲ. ಹಂಗ ಸಂಸಾರ ನಡೀತು.”

ಒಮ್ಮೆ ತಾಲೂಕಿನಿಂದ ತಪಾಸಣೆಗೆ ಬಂದ ಅಧಿಕಾರಿಯೊಬ್ಬರ ಕೈಗೆ ಈ ಪುಸ್ತಕ ಸಿಕ್ಕಿತು. ಯಾವ ಆದೇಶದ ಮೇಲೆ ಇದನ್ನು ಇಟ್ಟಿದ್ದೀರಿ ಎಂದರು. ಕೆಲಸಕ್ಕೇ ಕುತ್ತು ಬಂತು ಅಂದುಕೊಂಡೆ. ಅಜ್ಜಿ ಸೆರಗು ಸರಿಮಾಡಿಕೊಂಡು, “ನಾವು ಅದೀವೋ ಇಲ್ಲೋ ಅಂತ ಸರ್ಕಾರಕ್ಕ ಗೊತ್ತಾಗಬೇಕಲ್ರಿ ಸಾಹೇಬ್ರ. ನೋಡ್ರಿ, ಅದೀವಿ. ಶೇಂಗಾ ತಿನ್ರಿ” ಎಂದಳು. ಅವರು ಚಾಪೆಯ ತುದಿಯಲ್ಲಿ ಕೂತು ಒಂದು ಹಿಡಿ ಶೇಂಗಾ ತಿಂದರು. ಹೋಗುವಾಗ ಆ ದಿನದ ಹಾಜರಿಯ ಕೆಳಗೆ ‘ನೋಡಿದೆ’ ಎಂದು ಬರೆದು ರುಜು ಮಾಡಿದರು.

ಆ ಊರು ಬಿಟ್ಟ ಮೇಲೆ ಹಡಗಲಿ, ಹಗರಿಬೊಮ್ಮನಹಳ್ಳಿ ಕಡೆಯ ಊರುಗಳಲ್ಲಿ ಕೆಲಸ ಮಾಡಿದೆ. ಏನೇ ಕಟ್ಟಿಸುವ ಮೊದಲು ಅಲ್ಲಿ ನಾಲ್ಕು ದಿನ ಸುಮ್ಮನೆ ಕೂತು, ಯಾರು ಬರುತ್ತಿಲ್ಲ ಎಂದು ನೋಡುವುದನ್ನು ಕಲಿತಿದ್ದೆ. ಬಾಯಿಗೆ ಬೀಗ ಹಾಕುವುದನ್ನೂ. ಎರಡನ್ನೂ ಕಲಿಸಿದವಳು ಅಜ್ಜಿ.

ನಾನು ಆ ಊರಲ್ಲಿದ್ದ ಕೊನೆಯ ವರ್ಷ, ಒಂದು ಬೆಳಿಗ್ಗೆ ರೊಟ್ಟಿ ಮುರಿದು ಬಾಯಿಗಿಡುವ ಮೊದಲೇ ಅಜ್ಜಿ ಹೋಗಿಬಿಟ್ಟಳು. ಸಂಜೆ ಮಣ್ಣಾಯಿತು. ಮರುದಿನ ಕೋಣೆಗೆ ಯಾರೂ ಬರಲಾರರು ಎಂದುಕೊಂಡಿದ್ದೆ. ಮೂರು ಗಂಟೆಗೆ ಎಲ್ಲರೂ ಬಂದರು. ಅಜ್ಜಿ ಒರಗುತ್ತಿದ್ದ ಜಾಗ ಬಿಟ್ಟು ಕೂತರು. ಗೆಳತಿ ಹೆಸರು ಕೂಗತೊಡಗಿದಳು. ನಾಲ್ಕು ಹೆಸರು ಆದವು. ಐದನೆಯದಾಗಿ, ಮರೆತೋ ಬೇಕೆಂದೋ ತಿಳಿಯಲಿಲ್ಲ, ಅಜ್ಜಿಯ ಹೆಸರು ಹಿಡಿದು ‘ಲೇ’ ಎಂದಳು.

ಗೆಳತಿ ಗೋಡೆಯ ಕಡೆ ನೋಡಿದಳು. ಆಮೇಲೆ ನನ್ನ ಕಡೆ ತಿರುಗಿ, “ಅದಾಳ. ಬರ್ಕೊಳ್ರಿ” ಎಂದು ಕೈ ಚಾಚಿದಳು.

ನಾನು ಮಸಿಯ ಡಬ್ಬಿ ಮುಂದೆ ಸರಿಸಿದೆ. ಆ ದಿನ ಅಜ್ಜಿಯ ಹೆಸರಿನ ಎದುರಿಗೆ ಒಂದು ಹೆಬ್ಬೆಟ್ಟು ಇದೆ. ಅದರಲ್ಲಿ ಅಡ್ಡಗೆರೆ ಇಲ್ಲ.